ವಾಪಸ್ ಬಾರದ ಮುಂಗಡ

ಕೊಟ್ಟ ಮುಂಗಡವನ್ನು ವಾಪಸ್ ಕೇಳುವುದಕ್ಕೆ ನರೆಲ್ ಯಾವತ್ತೂ ನಾಚಿಕೊಂಡವಳಲ್ಲ. ಗಲ್ಲಾ ಮುಂದೆ ನೆಟ್ಟಗೆ ನಿಂತು, ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, "ಬೇಡ ಅನ್ನಿಸ್ತು, ಕೊಟ್ಟಿದ್ದು ಕೊಟ್ಬಿಡಿ" ಎನ್ನುವುದರಲ್ಲಿ ಅವಳದು ಐವತ್ತು ವರ್ಷ ಪಳಗಿದ ನಾಲಿಗೆ. ಹಾಗಾಗಿ ದಕ್ಷಿಣಾರ್ಧಗೋಳದ ಆ ಕಡಲೂರಿನಲ್ಲಿ ಚಳಿಗಾಲವಾದ ಜೂನ್ ತಿಂಗಳ ಒಂದು ಬೆಳಿಗ್ಗೆ ಸ್ಯಾಂಡ್‌ಗೇಟಿನ ಪೇಟೆಬೀದಿಯಲ್ಲಿ ಪ್ರವಾಸದ ಟಿಕೆಟ್ ಮಾರುವ ಅಂಗಡಿಯ ಬಾಗಿಲು ತಳ್ಳಿದಾಗ ಅವಳಿಗೆ ದುಃಖವಿತ್ತು, ಅಳುಕಿರಲಿಲ್ಲ.

ದುಃಖಕ್ಕೆ ಕಾರಣ ಗಂಡ ಮರ್ವ್. ಅವನ ಹೃದಯದ ಒಂದು ಕವಾಟ ಕೆಟ್ಟು ಕೂತಿದೆ, ಎದೆ ತೆರೆದು ಹೊಸದು ಹಾಕಬೇಕು ಎಂದು ಹಿಂದಿನ ವಾರ ಡಾಕ್ಟರು ಹೇಳಿದ್ದರು. ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು. "ಸೆಪ್ಟೆಂಬರಲ್ಲಿ ನಮ್ಮದು ಹಡಗಿನ ಪ್ರವಾಸ ಇದೆಯಲ್ಲ ಡಾಕ್ಟ್ರೇ" ಎಂದು ನರೆಲ್ ಕೇಳಿದ್ದಕ್ಕೆ ಅವರು ಕನ್ನಡಕ ತೆಗೆದು ಒರೆಸುತ್ತ, "ಈ ವರ್ಷ ಸಮುದ್ರದ ಮಾತು ಬೇಡಮ್ಮ" ಎಂದಿದ್ದರು. ಮರ್ವ್ ಸುಮ್ಮನೆ ತಲೆಯಾಡಿಸಿದ್ದ.

ಮರ್ವ್ ಬಂದರಿನ ಹೂಳೆತ್ತುವ ಹಡಗಿನಲ್ಲಿ ಮೂವತ್ತು ವರ್ಷ ದುಡಿದವನು. ನದಿ ತಂದು ಸುರಿಯುವ ಕೆಸರನ್ನು ಕೊಲ್ಲಿಯ ತಳದಿಂದ ಬಾಚಿ ಬಾಚಿ ದೊಡ್ಡ ಹಡಗುಗಳಿಗೆ ದಾರಿ ಬಿಡಿಸಿಕೊಡುವುದು ಅವನ ಕೆಲಸವಾಗಿತ್ತು. ಆ ದಾರಿಯನ್ನು ಅವನು ಸರ್ಕಾರದ್ದು ಎಂದು ಒಂದು ದಿನವೂ ಒಪ್ಪಿದವನಲ್ಲ. "ನನ್ನ ದಾರಿ" ಎಂದೇ ಹೇಳುವುದು. ಆದರೆ ದಾರಿಯ ಕೊನೆಯ ಗುರುತುದೀಪ ದಾಟಿ ಆಚೆ ಅವನು ಒಂದು ಸಲವೂ ಹೋಗಿರಲಿಲ್ಲ. ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಸಂಜೆ ಕಡಲ ದಂಡೆಯ ಬೆಂಚಿನ ಮೇಲೆ ಕೂತು, ಮಧ್ಯದಲ್ಲಿ ಮೀನು-ಚಿಪ್ಸಿನ ಪೊಟ್ಟಣ ಬಿಚ್ಚಿಟ್ಟುಕೊಂಡು, ಬಿಳಿಯ ಪ್ರವಾಸದ ಹಡಗುಗಳು ಹೊರಡುವುದನ್ನು ನೋಡುತ್ತಿದ್ದರು. "ನಿಧಾನ ಕಣಯ್ಯಾ, ಎಡಕ್ಕೆ ಹೋದ್ರೆ ತಳ ಕೆರೆಯುತ್ತೆ" ಎಂದು ಮರ್ವ್ ಕೂತಲ್ಲಿಂದಲೇ ಕ್ಯಾಪ್ಟನ್ನಿಗೆ ಬುದ್ಧಿ ಹೇಳುತ್ತಿದ್ದ. ಕ್ಯಾಪ್ಟನ್ ಕೇಳಿಸಿಕೊಳ್ಳುತ್ತಿದ್ದನೋ ಇಲ್ಲವೋ, ಹಡಗಂತೂ ಯಾವತ್ತೂ ಕೆಸರಿಗೆ ಕೂತಿರಲಿಲ್ಲ.

ಫೆಬ್ರವರಿಯಲ್ಲಿ ಅಂಗಡಿಯ ಗಾಜಿನ ಮೇಲೆ 'ಈ ವಾರ ಮಾತ್ರ' ಎಂಬ ಕೆಂಪು ಅಕ್ಷರ ಕಂಡು ನರೆಲ್‌ಗೆ ತಡೆಯಲಾಗಲಿಲ್ಲ. ಗಂಡನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋಗಿ, ನೂಮಿಯಾ, ವಿಲಾ ಎಂಬ ದ್ವೀಪದ ಊರುಗಳನ್ನೆಲ್ಲ ಸುತ್ತಿಸಿಕೊಂಡು ಬರುವ ಹಡಗಿಗೆ ಹೆಸರು ಬರೆಸಿಯೇಬಿಟ್ಟಳು. ಅಂಥ ಧೈರ್ಯ ಅವಳಿಗೆ ಬಂದದ್ದು ಲೇ-ಬೈ ದೆಸೆಯಿಂದ.

ಅವಳ ಓರಗೆಯ ಹೆಂಗಸರಿಗೆ ಲೇ-ಬೈ ಗೊತ್ತಿಲ್ಲವೆಂದರೆ ಸಂಸಾರವೇ ಗೊತ್ತಿಲ್ಲ ಎಂದ ಹಾಗೆ. ಅಂಗಡಿಯಲ್ಲಿ ಬೇಕಾದ ಸಾಮಾನು ತೋರಿಸಿ ಒಂದಿಷ್ಟು ಮುಂಗಡ ಕೊಟ್ಟರೆ, ಅದಕ್ಕೆ ನಿಮ್ಮ ಹೆಸರಿನ ಚೀಟಿ ಕಟ್ಟಿ ಒಳಗೆ ಎತ್ತಿಡುತ್ತಾರೆ. ಸಂಬಳ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಕಟ್ಟಿ ತೀರಿಸಿದ ದಿನ ಸಾಮಾನು ಮನೆಗೆ. ನಡುವೆ ಕೈ ಸಾಗದಿದ್ದರೆ ಬೇಡ ಎಂದರಾಯಿತು. ನಾಲ್ಕು ಕಾಸು ಮುರಿದುಕೊಂಡು ಉಳಿದದ್ದನ್ನು ಮರ್ಯಾದೆಯಿಂದ ಕೈಗಿಡುತ್ತಾರೆ. ಮೂವರು ಮಕ್ಕಳ ಸ್ಕೂಲಿನ ಬಟ್ಟೆ, ಕ್ರಿಸ್‌ಮಸ್ಸಿನ ಆಟಿಕೆ, ಮನೆಯ ಫ್ರಿಜ್ಜು ಎಲ್ಲ ಬಂದದ್ದು ಹಾಗೆಯೇ. ಹಡಗೂ ಹಾಗೆಯೇ ಎಂದು ನರೆಲ್ ತಿಳಿದಳು. ಅಷ್ಟು ದೊಡ್ಡ ಸಾಮಾನಿಗೆ ಚೀಟಿ ಎಲ್ಲಿ ಕಟ್ಟುತ್ತಾರೆ ಎಂದು ಮಾತ್ರ ಯೋಚಿಸಲಿಲ್ಲ.

ಅಂಗಡಿಯಲ್ಲಿದ್ದವಳು ಲೂಪೆ. ಟೋಂಗಾ ದ್ವೀಪದವರ ಮನೆಯ ಹುಡುಗಿ, ಅಲ್ಲೇ ಸ್ಯಾಂಡ್‌ಗೇಟಿನಲ್ಲಿ ಹುಟ್ಟಿ ಬೆಳೆದವಳು. ಹಿರಿಯ ಹೆಂಗಸರನ್ನೆಲ್ಲ ಆಂಟಿ ಎಂದೇ ಕರೆಯುವವಳು. ನರೆಲ್ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಮೊದಲು ಕುರ್ಚಿ ಎಳೆದು ಕೂರಿಸಿದಳು. ಕೆಟ್ಟ ಸುದ್ದಿ ಇದ್ದರೆ ಮಾತ್ರ ಕುರ್ಚಿ ಎಳೆಯುತ್ತಾರೆ ಎಂದು ನರೆಲ್‌ಗೆ ಗೊತ್ತಿತ್ತು.

"ಆಂಟಿ, ಅಂಕಲ್ ವಿಷಯ ಕೇಳಿ ತುಂಬ ಬೇಜಾರಾಯ್ತು. ಆದ್ರೆ ಆ ಮುಂಗಡ ವಾಪಸ್ ಬರಲ್ಲ."

"ಬರಲ್ಲ ಅಂದ್ರೆ? ಮುರ್ಕೊಳ್ಳೋದು ಮುರ್ಕೋ. ಉಳಿದಿದ್ದು ಕೊಡು."

"ಉಳಿಯೋದೇ ಇಲ್ಲ ಆಂಟಿ. ನೋಡಿ, ಹಡಗು ಒಂದೇ, ಕೋಣೆ ಒಂದೇ, ಊಟನೂ ಒಂದೇ. ಆದ್ರೆ ಟಿಕೆಟ್ ಮೂರು ಥರ ಮಾರ್ತಾರೆ. ಎಲ್ಲಕ್ಕಿಂತ ಅಗ್ಗದ್ದು ಒಂದಿದೆ, ಅದರಲ್ಲಿ ಕೊಟ್ಟ ಮುಂಗಡ ಅವರದ್ದೇ ಆಗೋಗುತ್ತೆ. ಅದಕ್ಕಿಂತ ಸ್ವಲ್ಪ ದುಬಾರಿದು ತಗೊಂಡ್ರೆ, ಪೂರ್ತಿ ಹಣ ಕಟ್ಟೋ ಗಡುವಿನವರೆಗೆ ಯಾವಾಗ ಬೇಡ ಅಂದ್ರೂ ಮುಂಗಡ ಹಾಗೇ ವಾಪಸ್ ಕೊಡ್ತಾರೆ. ಮೂರನೇದು ಕುಡಿಯೋದು, ಫೋನು, ಟಿಪ್ಸು ಎಲ್ಲ ಸೇರಿರೋದು, ಅದು ಬಿಡಿ. ನೀವು ತಗೊಂಡಿದ್ದು ಮೊದಲನೇದು."

"ನಾನೆಲ್ಲಿ ಅದನ್ನ ತಗೊಂಡೆ?"

"ಇಲ್ಲೇ, ಇದೇ ಕುರ್ಚಿನಲ್ಲಿ." ಲೂಪೆಗೆ ನಗುವೂ ಬಂತು, ಅಯ್ಯೋ ಎಂದೂ ಅನ್ನಿಸಿತು. "ನಾನು ಎರಡು ಸಲ ಹೇಳಿದೆ ಆಂಟಿ. ನೀವು ಕಿಟಕಿ ಇರೋ ಕೋಣೆ ಫೋಟೋ ನೋಡ್ತಿದ್ರಿ. ಅಂಕಲ್ ಕೇಳಿಸ್ಕೊಂಡು ತಲೆ ಆಡಿಸಿದ್ರು."

"ಅವನಾ! ಆ ಹೂಳೆತ್ತೋ ಯಂತ್ರದ ಪಕ್ಕ ನಿಂತು ನಿಂತು ಕಿವಿ ಹೋಗಿದೆ ಅವನಿಗೆ. ಪಾದ್ರಿ ಬಂದು ನೀನು ನರಕಕ್ಕೇ ಹೋಗೋದು ಅಂದ್ರೂ ತಲೆ ಆಡಿಸ್ತಾನೆ. ಇನ್ಶೂರೆನ್ಸ್ ಇದೆಯಲ್ಲ?"

"ಎದೆಯಲ್ಲಿ ಏನೋ ಸದ್ದು ಕೇಳ್ತಿದೆ ಅಂತ ಡಾಕ್ಟರು ಹಿಂದೆನೇ ಬರೆದಿಟ್ಟಿದ್ರು ಅಂತ ನೀವೇ ಹೇಳಿದ್ರಲ್ಲ. ಮೊದಲೇ ಇದ್ದ ಕಾಯಿಲೆಗೆ ಅವರು ಕೊಡಲ್ಲ ಆಂಟಿ."

ಆದರೂ ದಾರಿ ಪೂರ್ತಿ ಮುಚ್ಚಿಲ್ಲ ಎಂದು ಲೂಪೆ ವಿವರಿಸಿದಳು. ಉಳಿದ ಹಣ ಕಟ್ಟುವ ಗಡುವು ಇದೇ ತಿಂಗಳ ಕೊನೆಗೆ. ಅಷ್ಟರೊಳಗೆ ಇಬ್ಬರಲ್ಲಿ ಒಬ್ಬರ ಹೆಸರು ತೆಗೆದು ಬೇರೆಯವರದು ಹಾಕಬಹುದು, ಇನ್ನೊಬ್ಬರು ಉಳಿಯಬೇಕು ಅಷ್ಟೆ. ಇಲ್ಲವೇ ದಂಡ ಕಟ್ಟಿ, ಅದೇ ಮುಂಗಡವನ್ನು ಮುಂದಿನ ಯಾವುದಾದರೂ ಹಡಗಿಗೆ ಹಾಕಿಸಬಹುದು. ಅಲ್ಲಿಗೆ ಹೋದರೂ ಅದು ತನ್ನ ಬುದ್ಧಿ ಬಿಡುವುದಿಲ್ಲ, ಮತ್ತೆ ವಾಪಸ್ ಬರುವುದಿಲ್ಲ. ಇದು ಯಾವುದೂ ಬೇಡವೆಂದರೆ ಕೈತೊಳೆದುಕೊಳ್ಳುವುದು. ಗಡುವಿನ ದಿನ ಯಾವುದು ಎಂದು ನರೆಲ್ ಕೇಳಿದಳು. ಲೂಪೆ ತೋರಿಸಿದ ದಿನವೇ ಮರ್ವ್‌ನ ಆಪರೇಷನ್.

ನರೆಲ್ ಮನೆಗೆ ಹೋಗುವ ಬದಲು ತಂಗಿ ಕೋರಲ್ ಮನೆಗೆ ಹೋದಳು. ಕೋರಲ್ ಗಂಡನನ್ನು ಕಳೆದುಕೊಂಡು ಆರು ವರ್ಷವಾಗಿತ್ತು. ಒಳ್ಳೆಯ ಹೆಂಗಸು, ಆದರೆ ಬಾಯಿಗೆ ಬಾಗಿಲಿಲ್ಲ. ಟೀ ಬಟ್ಟಲಿಗೆ ಬೀಳುವ ಮೊದಲೇ ನರೆಲ್ ಎಲ್ಲ ಹೇಳಿಕೊಂಡು ಅತ್ತಳು.

"ನನ್ನ ಕೈಯಾರೆ ಮಾಡ್ಕೊಂಡೆ ಕಣೇ. ಆಪರೇಷನ್ನಿಗೆ ಹೋಗೋ ಮನುಷ್ಯಂಗೆ ದುಡ್ಡು ಮುಳುಗಿಸಿದೀನಿ ಅಂತ ಹೇಗೆ ಹೇಳ್ಲಿ?"

"ಮುಳುಗೋದು ಯಾಕೆ? ನನ್ನ ಹೆಸರು ಹಾಕ್ಸು, ನಾನು ಬರ್ತೀನಿ." ಆಮೇಲೆ ತಾನಾಡಿದ್ದು ತನಗೇ ಕೇಳಿಸಿ ಕೋರಲ್ ಕೆಂಪಗಾದಳು. "ಅಂದ್ರೆ, ಅವನು ಹುಷಾರಾದ ಮೇಲೆ. ಜೆನೀನ್ ನೋಡ್ಕೋತಾಳೆ ಅಪ್ಪನ್ನ. ನಿಂಗೂ ಒಂದು ಬದಲಾವಣೆ ಬೇಡ್ವಾ? ಈಜುಡುಗೆ ಒಂದು ಬಿಟ್ರೆ ನನ್ನ ಹತ್ರ ಎಲ್ಲ ಇದೆ."

ಜೆನೀನ್ ನರೆಲ್‌ನ ಹಿರಿಯ ಮಗಳು. ಕೋರಲ್ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನರೆಲ್ ಟೀ ಬಟ್ಟಲನ್ನು ಹಾಗೇ ಬಿಟ್ಟು ಎದ್ದಳು.

ಆಪರೇಷನ್ನಿಗೆ ಎರಡು ದಿನ ಇರುವಾಗ ಮರ್ವ್ ಬೆಂಚಿಗೆ ಹೋಗೋಣ ಎಂದ. ಅವನಿಗೆ ಸುಟ್ಟ ಮೀನು, ಅವಳಿಗೆ ಚಿಪ್ಸ್. ಡಾಕ್ಟರು ಎಣ್ಣೆ ಬೇಡವೆಂದಿದ್ದರು. ಅವನು ಕಡಲ ಕಡೆ ನೋಡುತ್ತಲೇ ಅವಳ ಪೊಟ್ಟಣದಿಂದ ಚಿಪ್ಸ್ ಕದಿಯುತ್ತಿದ್ದ. ಅವಳು ನೋಡಿಯೂ ನೋಡದ ಹಾಗಿದ್ದಳು. ಕಡಲಹಕ್ಕಿಗಳು ಸುತ್ತ ನಿಂತು ಇಬ್ಬರಲ್ಲಿ ಯಾರ ಕೈ ಸಡಿಲ ಎಂದು ಕಾಯುತ್ತಿದ್ದವು. ದೂರದಲ್ಲಿ ಹಡಗೊಂದು ದೀಪ ಹೊತ್ತಿಸಿಕೊಂಡು ನದೀಮುಖ ಬಿಟ್ಟು ಹೊರಟಿತು.

"ಲೂಪೆ ಹತ್ರ ಹೋಗಿದ್ದೆಯಂತೆ" ಎಂದ ಮರ್ವ್.

"ಯಾರು ಹೇಳಿದ್ದು? ಕೋರಲ್ಲಾ?"

"ಅವಳ ಹೊಟ್ಟೇಲಿ ಏನಾದ್ರೂ ನಿಲ್ಲುತ್ತಾ? ಅಳ್ತಿದ್ದೆ ಅಂತ ಬೇರೆ ಹೇಳಿದ್ಲು. ಅಳೋದ್ಯಾಕೆ ನೆಲ್? ಕೊಟ್ಟ ದುಡ್ಡು ಬರಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು."

ನರೆಲ್ ಕೈಯಲ್ಲಿದ್ದ ಚಿಪ್ಸ್ ಕೆಳಗೆ ಬಿತ್ತು. ಹಕ್ಕಿಗಳಿಗೆ ಹಬ್ಬವಾಯಿತು.

"ಏನಂದೆ?"

"ಆ ಹುಡುಗಿ ಎರಡು ಸಲ ಹೇಳಿದ್ಲಲ್ಲ. ಕೇಳೋ ಕಿವಿ ಅವಳ ಕಡೆನೇ ಇತ್ತು."

"ಮತ್ತೆ ಬಾಯಿ ಬಿಡೋಕೇನಾಗಿತ್ತು ನಿಂಗೆ? ನಾನು ವಾಪಸ್ ಬರೋ ಟಿಕೆಟ್ ತಗೋತಿದ್ದೆ!"

"ತಗೋತಿದ್ದೆ. ತಗೊಂಡು ವಾಪಸ್ ಮಾಡ್ತಿದ್ದೆ." ಮರ್ವ್ ಕೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನೀಲಿ ಕೋಟು ನೆನಪಿದೆಯಾ?"

ನರೆಲ್‌ಗೆ ನೆನಪಿತ್ತು. ಉಣ್ಣೆಯ ನೀಲಿ ಕೋಟು, ದೊಡ್ಡ ಗುಂಡಿಗಳದ್ದು. ಮದುವೆಯಾದ ಹೊಸದರಲ್ಲಿ ಅವಳು ತನಗಾಗಿ ಲೇ-ಬೈ ಇಟ್ಟ ಮೊದಲ ಸಾಮಾನು. ಇನ್ನೆರಡು ಕಂತು ಉಳಿದಿದ್ದಾಗ ಬಂದರಿನಲ್ಲಿ ಮುಷ್ಕರವಾಯಿತು. ಕೋಟು ಬೇಡವೆಂದು ಹೇಳಿ ಹಣ ತಂದು ಬಾಡಿಗೆ ಕಟ್ಟಿದ್ದಳು. ಗಂಡನಿಗೆ ಅದು ಗೊತ್ತೆಂದು ಅವಳಿಗೆ ಗೊತ್ತಿರಲಿಲ್ಲ.

"ಹೊಲಿಗೆ ಮೆಷಿನ್ನು" ಎಂದ ಮರ್ವ್. "ಅದು ಜೆನೀನ್ ಹಲ್ಲಿಗೆ ತಂತಿ ಹಾಕ್ಸಿದಾಗ ಹೋಯ್ತು. ಚಿನ್ನದ ಅಂಚಿನ ತಟ್ಟೆಗಳು, ಅದು ಹುಡುಗನ ಫುಟ್‌ಬಾಲ್ ಬೂಟಾಯ್ತು. ಸೈಕಲ್ಲು ಏನಾಯ್ತು ನಂಗೆ ಮರೆತೋಗಿದೆ. ಮಕ್ಕಳದ್ದು, ಮನೇದು, ನಂದು, ಎಲ್ಲ ಅಂಗಡಿಯಿಂದ ಮನೆಗೆ ಬಂತು. ನಿಂದು ಒಂದೂ ಬರ್ಲಿಲ್ಲ ನೆಲ್. ಒಂದಾದ್ರೂ ಬಂತಾ ಹೇಳು?"

ಅವಳು ಹಡಗಿನ ದೀಪಗಳ ಕಡೆ ತಿರುಗಿದಳು.

"ಅದಕ್ಕೇ ಸುಮ್ನಿದ್ದೆ. ವಾಪಸ್ ಮಾಡೋಕೆ ಆಗದೇ ಇರೋದು ಒಂದಾದ್ರೂ ಇರ್ಲಿ ಅಂತ. ಕೊಟ್ಟ ದುಡ್ಡು ದಂಡ ಆಗೋಕೆ ನೀನಂತೂ ಬಿಡಲ್ಲ. ನಾನು ಇರ್ಲಿ ಬಿಡ್ಲಿ, ಹೋಗೇ ಹೋಗ್ತೀಯ."

"ಇರ್ಲಿ ಬಿಡ್ಲಿ ಅಂದ್ರೆ? ನಿಂಗೆ ಆಗ್ಲೇ ಗೊತ್ತಿತ್ತಾ?"

"ಕವಾಟದ ವಿಷಯ ಗೊತ್ತಿರ್ಲಿಲ್ಲ. ಮೆಟ್ಟಿಲು ಹತ್ತುವಾಗ ಉಸಿರು ಸಿಗ್ತಿರ್ಲಿಲ್ಲ, ಅದು ಗೊತ್ತಿತ್ತು. ಈಗ ಕೇಳು. ನನ್ನ ಹೆಸರು ತೆಗೆಸಿ ಕೋರಲ್‌ದು ಹಾಕ್ಸು. ಸೆಪ್ಟೆಂಬರಲ್ಲಿ ಇಬ್ಬರೂ ಹೋಗಿಬನ್ನಿ. ನಾನು ಇದೇ ಬೆಂಚಲ್ಲಿ ಕೂತು ಕೈ ಬೀಸ್ತೀನಿ. ಕೂರೋಕಾಗದೇ ಇದ್ರೆ, ಆಗ್ಲೂ ಹೋಗಿಬನ್ನಿ."

ಇಷ್ಟು ವರ್ಷ ತಲೆಯಾಡಿಸಿಕೊಂಡೇ ಇದ್ದ ಈ ಮನುಷ್ಯ ತನ್ನನ್ನು ಒಳಗಿನಿಂದ ಹೀಗೆ ಓದಿಕೊಂಡಿದ್ದಾನೆ ಎಂದು ನರೆಲ್‌ಗೆ ಪ್ರೀತಿ ಉಕ್ಕಿತು. ಹೆಂಡತಿಯನ್ನು ವಿಧವೆಯ ಪ್ರವಾಸಕ್ಕೆ ಸಿದ್ಧಮಾಡಿ ಇಟ್ಟಿದ್ದಾನೆ ಎಂದು ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದರೆ ಮನುಷ್ಯರು ಏನು ಮಾಡಬೇಕೋ ಅವಳಿಗೆ ತಿಳಿಯದು. ಪೊಟ್ಟಣ ಮಡಚಿ ಕಸದ ಡಬ್ಬಿಗೆ ಎಸೆದು, "ಚಳಿ ಆಗ್ತಿದೆ, ನಡಿ" ಎಂದಳು. ದಾರಿಯುದ್ದಕ್ಕೂ ಅವನ ಮೊಣಕೈಯನ್ನು ಬಿಡಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಅವನನ್ನು ತಳ್ಳುಮಂಚದ ಮೇಲೆ ಒಳಗೆ ಕರೆದುಕೊಂಡು ಹೋಗುವಾಗ ಮರ್ವ್, "ಇವತ್ತೇ ಕೊನೇ ದಿನ, ಲೂಪೆ ಹತ್ರ ಹೋಗೋದು ಮರೀಬೇಡ" ಎಂದ. ಹಲ್ಲಿನ ಸೆಟ್ಟು ತೆಗೆದಿದ್ದರಿಂದ ಮಾತು ತೊದಲುತ್ತಿತ್ತು. ಒಬ್ಬ ಮನುಷ್ಯ ಹೆಂಡತಿಗೆ ಹೇಳುವ ಕೊನೆಯ ಮಾತು ಇದೇ ಆಗಿಬಿಟ್ಟರೆ ಏನು ಗತಿ ಎಂದು ನರೆಲ್‌ಗೆ ಭಯವಾಯಿತು. ಬಗ್ಗಿ ಅವನ ಹಣೆಗೆ ಮುತ್ತಿಟ್ಟಳು. ಬಾಗಿಲು ಮುಚ್ಚಿತು.

ಕಾಯುವ ಕೋಣೆಯಲ್ಲಿ ಕೋರಲ್ ಜೊತೆಗಿದ್ದಳು. ಟಿ.ವಿ.ಯಲ್ಲಿ ಯಾರೋ ಕೇಕ್ ಮಾಡುತ್ತಿದ್ದರು. ಮಧ್ಯಾಹ್ನವಾದರೂ ಸುದ್ದಿಯಿಲ್ಲ. ನರ್ಸಮ್ಮ ಬಂದು, "ಇನ್ನೂ ಹೊತ್ತಿದೆ, ಇಲ್ಲಿ ಕೂತು ಏನು ಮಾಡ್ತೀರಿ, ಹೊರಗೆ ಹೋಗಿ ಏನಾದ್ರೂ ತಿಂದು ಬನ್ನಿ, ಮುಗಿದ ತಕ್ಷಣ ಫೋನ್ ಮಾಡ್ತೀವಿ" ಎಂದಳು. ಕೋರಲ್ ಕಾರಿನ ಬೀಗದ ಕೈ ತೆಗೆದಳು.

"ಸ್ಯಾಂಡ್‌ಗೇಟಿಗೆ ಬಿಡು" ಎಂದಳು ನರೆಲ್.

ಕಾರಿನಲ್ಲಿ ಕೂತು ಅವಳು ಸಿಗ್ನಲ್ ದೀಪ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ, "ಅವನ ದಾರಿ ಕಣೇ ಅದು" ಎಂದಳು.

"ಯಾವುದು?"

"ಹಡಗು ಹೋಗೋ ದಾರಿ. ಅದರ ಮೇಲೆ ಒಂದ್ಸಲ ಹೋಗಿ ಕೊನೇ ದೀಪ ದಾಟ್ಬೇಕು ಅಂತ ಎಷ್ಟು ವರ್ಷದಿಂದ ಆಸೆ ಅವನಿಗೆ. ಬಾಯಿ ಬಿಟ್ಟು ಹೇಳಿಲ್ಲ, ಅಷ್ಟೇ. ಈಗ ನೋಡು, ಕೋರಲ್‌ದು ಹಾಕ್ಸು ಅಂತಾನೆ. ಎಷ್ಟು ಸಲೀಸಾಗಿ ತನ್ನ ಹೆಸರು ಕಿತ್ತುಹಾಕ್ದ! ನಾನು ಆ ಕೋಟು ಬಿಟ್ಟೆ ಅಂತ ಇಷ್ಟು ವರ್ಷ ಮನಸ್ಸಲ್ಲಿಟ್ಟುಕೊಂಡು ಕೊರಗಿದ್ದಾನೆ. ಅವನೂ ಅದನ್ನೇ ಮಾಡ್ತಿಲ್ವಾ ಈಗ? ನನ್ನ ಕಾಯಿಲೆನೇ ಅಂಟಿಸ್ಕೊಂಡಿದ್ದಾನೆ ಮುಟ್ಠಾಳ."

ಕೋರಲ್ ಒಂದಷ್ಟು ದೂರ ಸುಮ್ಮನೆ ಕಾರು ಓಡಿಸಿದಳು. ಅವಳು ಸುಮ್ಮನಿರುವುದು ವರ್ಷಕ್ಕೊಂದು ಸಲ. "ಈಜುಡುಗೆ ಕೊಂಡಾಯ್ತು" ಎಂದಳು ಕೊನೆಗೆ. "ಇರ್ಲಿ ಬಿಡು, ಮನೆ ಹಿಂದಿನ ಈಜುಕೊಳಕ್ಕಾಗುತ್ತೆ."

ಅಂಗಡಿಯಲ್ಲಿ ಲೂಪೆ ಅವರನ್ನು ನೋಡಿ ಎದ್ದು ನಿಂತಳು. "ಆಂಟಿ! ಅಂಕಲ್?"

"ಇನ್ನೂ ಒಳಗಿದ್ದಾನೆ. ಸುದ್ದಿ ಬಂದಿಲ್ಲ. ಮುಂದಿನ ವರ್ಷದ ಹಡಗು ಯಾವುದಿದೆ, ತೋರ್ಸು."

ಏಪ್ರಿಲ್‌ನಲ್ಲಿ ಒಂದಿತ್ತು. ಅದೇ ಊರುಗಳು, ಅದೇ ಥರದ ಕೋಣೆ. ದರ ಸ್ವಲ್ಪ ಏರಿತ್ತು. ಹಳೆಯ ಮುಂಗಡದ ಜೊತೆಗೆ ಬದಲಾವಣೆಯ ದಂಡ, ಮೇಲೆ ಇನ್ನಷ್ಟು ಮುಂಗಡ. ಲೂಪೆ ಬೆರಳಿಟ್ಟು ಒಂದೊಂದನ್ನೂ ಮೂರು ಸಲ ಹೇಳಿದಳು. ಈ ಸಲ ನರೆಲ್ ಫೋಟೋ ನೋಡದೆ ಅವಳ ಮುಖವನ್ನೇ ನೋಡುತ್ತ ಕೇಳಿಸಿಕೊಂಡಳು.

"ಇದೂ ವಾಪಸ್ ಬರಲ್ಲ, ಅಲ್ವಾ?"

"ಬರಲ್ಲ ಆಂಟಿ. ಒಂದು ಕೆಲಸ ಮಾಡಬಹುದು. ಹಳೇದು ಹೋದ್ರೆ ಹೋಗ್ಲಿ ಅಂತ ಬಿಟ್ಟು, ಏಪ್ರಿಲ್‌ಗೆ ಹೊಸದಾಗಿ ವಾಪಸ್ ಬರೋ ಟಿಕೆಟ್ಟೇ ತಗೊಳ್ಳಿ. ನನ್ನ ಅಮ್ಮನಾಗಿದ್ರೆ ನಾನು ಹಾಗೇ ಹೇಳ್ತಿದ್ದೆ." ಲೂಪೆ ದನಿ ತಗ್ಗಿಸಿದಳು. "ಇಲ್ಲಾಂದ್ರೆ ಅವಸರ ಮಾಡ್ಬೇಡಿ. ನಾನು ಸಂಜೆ ಅಂಗಡಿ ಮುಚ್ಚೋವರೆಗೂ ಇರ್ತೀನಿ. ಆಸ್ಪತ್ರೆಯಿಂದ ಫೋನ್ ಬರ್ಲಿ. ಆಮೇಲೆ ನಿರ್ಧಾರ ಮಾಡಿ."

"ಹೌದು ಕಣೇ, ಫೋನ್ ಬರ್ಲಿ" ಎಂದಳು ಕೋರಲ್.

ಬುದ್ಧಿವಂತಿಕೆಯ ಮಾತೇ. ನರೆಲ್ ಜೀವಮಾನವಿಡೀ ಅಂಥ ಬುದ್ಧಿವಂತಿಕೆಯಲ್ಲೇ ಬದುಕಿದವಳು. ಸಂಬಳ ಬರಲಿ, ಮಳೆಗಾಲ ಕಳೆಯಲಿ, ಮಕ್ಕಳದ್ದು ಆಗಲಿ, ಆಮೇಲೆ ನೋಡೋಣ. ಆ ಆಮೇಲೆ ಬಂದಾಗಲೆಲ್ಲ ಕೋಟು ಬೇರೆ ಯಾರದೋ ಮೈಮೇಲಿರುತ್ತಿತ್ತು. ಕೈಚೀಲದಲ್ಲಿದ್ದ ಫೋನನ್ನು ತೆಗೆದು ನೋಡಿದಳು. ಏನೂ ಇರಲಿಲ್ಲ. ಈಗ, ಈ ಹೊತ್ತಿನಲ್ಲಿ, ಅವನ ಎದೆ ತೆರೆದಿದೆ, ಹೃದಯ ನಿಂತಿದೆ, ಯಂತ್ರವೊಂದು ಅವನ ಪರವಾಗಿ ಬಡಿದುಕೊಳ್ಳುತ್ತಿದೆ. ಫೋನನ್ನು ಮತ್ತೆ ಚೀಲಕ್ಕೆ ಹಾಕಿದಳು.

"ಫೋನ್ ಬಂದ ಮೇಲೆ ಯಾರು ಬೇಕಾದ್ರೂ ನಿರ್ಧಾರ ಮಾಡ್ತಾರೆ" ಎಂದಳು. "ಅವನು ಹುಷಾರಾಗಿದ್ದಾನೆ ಅಂತ ಗೊತ್ತಾದ ಮೇಲೆ ಟಿಕೆಟ್ ತಗೊಂಡ್ರೆ ಅದರಲ್ಲೇನು ಬಂತು? ಇಬ್ಬರ ಹೆಸರೂ ಹಾಕು ಲೂಪೆ. ನಂದು, ಅವಂದು. ವಾಪಸ್ ಬರದೇ ಇರೋದೇ ಕೊಡು."

"ಆಂಟಿ, ಒಂದ್ವೇಳೆ..."

"ಆ ಮಾತು ನಂಗೂ ಗೊತ್ತು, ನೀನು ಹೇಳ್ಬೇಡ. ಕೋಣೆ ಯಾವ ಕಡೆಗಿದೆ? ಹೊರಡುವಾಗ ಸ್ಯಾಂಡ್‌ಗೇಟ್ ಕಾಣೋ ಕಡೆ ಬೇಕು. ಅವನ ಗುರುತುದೀಪಗಳು ಕಾಣ್ಬೇಕು."

"ಎಡಗಡೆ" ಎಂದಳು ಲೂಪೆ. ಅವಳ ಕಣ್ಣು ತುಂಬಿತ್ತು. ಬೆರಳುಗಳು ಮಾತ್ರ ಕೆಲಸ ನಿಲ್ಲಿಸಲಿಲ್ಲ.

ರಸೀತಿ ಮಡಚಿ ಚೀಲಕ್ಕೆ ಹಾಕಿಕೊಂಡು ಅಂಗಡಿಯಲ್ಲೇ ಕೂತರು. ಲೂಪೆ ಟೀ ಮಾಡಿ ತಂದಳು. ಯಾರೂ ಕುಡಿಯಲಿಲ್ಲ. ಮುದುಕರಿಬ್ಬರು ಬಂದು ಫಿಜಿಗೆ ಎಷ್ಟಾಗುತ್ತದೆ ಎಂದು ಕೇಳಿದರು. ನಾಳೆ ಬನ್ನಿ ಎಂದು ಲೂಪೆ ಅವರನ್ನು ಕಳಿಸಿಬಿಟ್ಟಳು. ಫೋನ್ ಬಡಿದುಕೊಂಡಾಗ ನರೆಲ್‌ಗೆ ಎತ್ತಲಾಗಲಿಲ್ಲ, ಕೋರಲ್ ಎತ್ತಿದಳು. "ಹೂಂ... ಹೂಂ... ಸರಿ" ಎಂದಳು. ಆಮೇಲೆ ಅಕ್ಕನ ಕಡೆ ತಿರುಗಿ ಎಲ್ಲ ಸರಿಯಾಯಿತೆಂದು ಜೋರಾಗಿ ತಲೆಯಾಡಿಸಿದಳು. ನರೆಲ್ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಲೂಪೆ ಅವಳ ಬೆನ್ನ ಮೇಲೆ ಕೈಯಿಟ್ಟು ತನ್ನ ಭಾಷೆಯಲ್ಲಿ ದೇವರಿಗೆ ಏನೋ ಹೇಳಿದಳು.

ಮರ್ವ್‌ನ ಗಂಟಲಿನಿಂದ ನಳಿಗೆ ತೆಗೆದದ್ದು ಮರುದಿನ. ನರೆಲ್ ಹೋಗುವಷ್ಟರಲ್ಲಿ ಅವನು ಹಾಸಿಗೆಯಲ್ಲಿ ಒರಗಿಕೊಂಡಿದ್ದ. ಬಣ್ಣವಿಲ್ಲ, ಹಲ್ಲಿಲ್ಲ, ಎದೆಯ ಮೇಲೆ ಉದ್ದಕ್ಕೆ ಪಟ್ಟಿ. ವ್ಯಾಯಾಮ ಮಾಡಿಸುವ ಹುಡುಗಿ ಬೆಳಿಗ್ಗೆ ಬಂದು ಕುರ್ಚಿಯವರೆಗೆ ನಡೆಯಿರಿ ಎಂದಳಂತೆ, ಇವನು ಆಗುವುದಿಲ್ಲ ಎಂದು ಗೋಡೆ ಕಡೆ ತಿರುಗಿದನಂತೆ. ನರ್ಸಮ್ಮ ದೂರು ಹೇಳಿ ಹೋದಳು. ನರೆಲ್ ಕೂತು ಅವನ ಕೈ ಹಿಡಿದುಕೊಂಡಳು. ಕೈ ಬೆಚ್ಚಗಿತ್ತು.

"ಹೋಗಿದ್ಯಾ?" ಎಂದ ಮರ್ವ್. ದನಿ ಒಡೆದಿತ್ತು.

"ಹೋಗಿದ್ದೆ."

"ಕೋರಲ್ ಹೆಸರು..."

"ಕೋರಲ್ ಹೆಸರು ಕೋರಲ್ ಹತ್ರಾನೇ ಇದೆ. ಮುಂದಿನ ಏಪ್ರಿಲ್‌ಗೆ ಹಾಕ್ಸಿದೀನಿ. ನಮ್ಮಿಬ್ಬರಿಗೂ. ಎಡಗಡೆ ಕೋಣೆ."

"ವಾಪಸ್ ಬರೋ ಟಿಕೆಟ್ಟಾ?"

"ಅಲ್ಲ."

"ಯಾವಾಗ ತಗೊಂಡೆ?"

"ನಿನ್ನೆ ಮಧ್ಯಾಹ್ನ."

ಔಷಧಿಯ ಮಂಪರಿನಲ್ಲೂ ಅವನು ಯೋಚನೆ ಮಾಡುವುದು ಅವಳಿಗೆ ಕಾಣುತ್ತಿತ್ತು. "ಮಧ್ಯಾಹ್ನ ನಾನಿನ್ನೂ ಮೇಜಿನ ಮೇಲಿದ್ದೆ" ಎಂದ.

"ಹೂಂ. ಇದ್ದೆ."

"ನಾನು ಬರ್ತೀನೋ ಇಲ್ವೋ ಗೊತ್ತಿರ್ಲಿಲ್ಲ ನಿಂಗೆ."

"ಗೊತ್ತಿರ್ಲಿಲ್ಲ. ಬಾ ಅಂತ ತಗೊಂಡೆ."

ಮರ್ವ್ ಕಣ್ಣು ಮುಚ್ಚಿಕೊಂಡ. ಎರಡೂ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಲಾಗುತ್ತಿರಲಿಲ್ಲ, ನರೆಲ್ ಒರೆಸಿದಳು. ಹೊಲಿಗೆ ಹಾಕಿದ ಎದೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಬಹಳ ಹೊತ್ತಾದ ಮೇಲೆ ಅವನು ಕಣ್ಣು ಬಿಟ್ಟು ಮಂಚದ ಕೆಳಗೆ ನೋಡಲು ಪ್ರಯತ್ನಿಸಿದ.

"ಏನು ಬೇಕು?"

"ಚಪ್ಪಲಿ ಎಲ್ಲಿಟ್ಟಿದ್ದಾರೆ ನೋಡು" ಎಂದ ಮರ್ವ್. "ಆ ಹುಡುಗೀನ ಕರಿ. ಕುರ್ಚಿವರೆಗೂ ನಡೀಬೇಕಂತಲ್ಲ."